‘ಶಾಸ್ತ್ರಿ’ಯೋ, ‘ಲಿಪಿಕಾರ’ನೋ? ಪ್ರಾಚೀನ ಯೆಹೂದ್ಯರ ಸೋಫೇರರನ್ನು ಕುರಿತು ಒಂದು ಚರ್ಚೆ

ಕಡತದಹುಳು:

ಎಲ್ಲರಿಗೂ ನಮಸ್ಕಾರ. ಪ್ರಾಚೀನ ಪಶ್ಚಿಮ ಏಷ್ಯಾದ ಇತಿಹಾಸದ ಕಿರುಪುಸ್ತಕವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದೇ ಒಂದು ಪದ ಮೂರು ವಾರಗಳಿಂದ ನನ್ನನ್ನು ಮುಂದಕ್ಕೆ ಬಿಡುತ್ತಿಲ್ಲ. ಹೀಬ್ರೂ ಭಾಷೆಯ ‘ಸೋಫೇರ್’ ಎಂಬ ಪದಕ್ಕೆ ನಾವು ಏನೆನ್ನಬೇಕು? ಚಿಕ್ಕಂದಿನಿಂದ ಭಾನುವಾರದ ಆರಾಧನೆಯಲ್ಲಿ ‘ಶಾಸ್ತ್ರಿಗಳು ಮತ್ತು ಫರಿಸಾಯರು’ ಎಂಬ ಜೋಡಿಪದವನ್ನು ಕೇಳುತ್ತ ಬೆಳೆದವನು ನಾನು. ಆ ‘ಶಾಸ್ತ್ರಿ’ ಎಂದರೆ ಮಡಿಯುಟ್ಟು, ಗ್ರಂಥವನ್ನು ಎದುರಿಗಿಟ್ಟುಕೊಂಡು ವ್ಯವಸ್ಥೆ ಹೇಳುವ ವಿದ್ವಾಂಸರೆಂದೇ ನನ್ನ ಮನಸ್ಸಿನಲ್ಲಿ ಚಿತ್ರವಿತ್ತು. ಆದರೆ ಹೀಬ್ರೂ ಮೂಲದಲ್ಲಿ ಆ ಪದದ ಧಾತುವಿಗೆ ‘ಎಣಿಸು’ ಎಂಬ ಅರ್ಥವಿದೆ. ‘ಸೇಫೆರ್’ ಎಂದರೆ ಬರಹ ಅಥವಾ ಗ್ರಂಥ. ಹಾಗಾದರೆ ಸೋಫೇರನು ಮೂಲತಃ ಬರೆಯುವವನೋ, ಎಣಿಸುವವನೋ, ಧರ್ಮಶಾಸ್ತ್ರವನ್ನು ವಿವರಿಸುವವನೋ?

ನನ್ನ ಗೊಂದಲಕ್ಕೆ ಕಾರಣ ಹೇಳುತ್ತೇನೆ. ಕ್ರಿ.ಪೂ. 622ರಲ್ಲಿ, ಯೋಷೀಯ ಅರಸನ ಕಾಲದಲ್ಲಿ, ಯೆರೂಸಲೇಮಿನ ದೇವಾಲಯದ ದುರಸ್ತಿ ನಡೆಯುತ್ತಿದ್ದಾಗ ಮಹಾಯಾಜಕ ಹಿಲ್ಕೀಯನು ತನಗೆ ಧರ್ಮಶಾಸ್ತ್ರದ ಗ್ರಂಥವೊಂದು ಸಿಕ್ಕಿತೆಂದು ಶಾಫಾನನೆಂಬ ಸೋಫೇರನ ಕೈಗೆ ಕೊಡುತ್ತಾನೆ. ಶಾಫಾನನು ಅರಸನ ಬಳಿಗೆ ಹೋಗಿ ಮೊದಲು ವರದಿ ಮಾಡುವುದು ಕೆಲಸಗಾರರಿಗೆ ಕೊಟ್ಟ ಹಣದ ವಿಷಯವನ್ನು. ಗ್ರಂಥದ ಸುದ್ದಿ ಆಮೇಲೆ. ಅವನು ಅದನ್ನು ಅರಸನೆದುರು ಓದುತ್ತಾನೆಯೇ ಹೊರತು ಅದರ ಅರ್ಥವೇನೆಂದು ಹೇಳುವುದಿಲ್ಲ. ಅರ್ಥವನ್ನು ಕೇಳಿಬರಲು ಅರಸನು ಹುಲ್ದಳೆಂಬ ಪ್ರವಾದಿನಿಯ ಬಳಿಗೆ ಜನರನ್ನು ಕಳುಹಿಸುತ್ತಾನೆ. ಇವನನ್ನು ಶಾಸ್ತ್ರಿಯೆಂದು ಕರೆಯಲು ನನಗೆ ಮನಸ್ಸಾಗುತ್ತಿಲ್ಲ. ಆದರೆ ಸುಮಾರು ಎರಡು ಶತಮಾನಗಳ ಅನಂತರ ಬಂದು, ಧರ್ಮಶಾಸ್ತ್ರವನ್ನು ಜನರಿಗೆ ಓದಿ ಹೇಳಿದ ಎಜ್ರನಿಗೂ ಅದೇ ಪದ ಬಳಕೆಯಾಗಿದೆ, ಮತ್ತು ಎಜ್ರನನ್ನು ಬರಿಯ ಬರಹಗಾರನೆಂದರೆ ಓದುಗರು ನಗುತ್ತಾರೆ.

ಮಣ್ಣಮುದ್ರೆ:

ಒಳ್ಳೆಯ ಪ್ರಶ್ನೆ. ಶಾಫಾನನ ವಿಷಯದಲ್ಲಿ ತಮ್ಮ ಸಂಶಯ ಸರಿಯಾಗಿದೆ. ಅವನು ಅರಮನೆಯ ಅಧಿಕಾರಿ, ನಮ್ಮ ಹಳೆಯ ಮಾತಿನಲ್ಲಿ ‘ರಾಯಸದವನು’. ಆ ಮನೆತನದ ಬಗ್ಗೆ ನೆಲದಡಿಯಿಂದಲೂ ಸುಳಿವು ಸಿಕ್ಕಿದೆ. ಯೆರೂಸಲೇಮಿನ ದಾವೀದನ ಪಟ್ಟಣವೆಂಬ ಭಾಗದಲ್ಲಿ 1982ರಲ್ಲಿ ಯಿಗಾಲ್ ಶಿಲೋ ಅವರ ಉತ್ಖನನದಲ್ಲಿ ಬೆಂಕಿಯಲ್ಲಿ ಸುಟ್ಟು ಗಟ್ಟಿಯಾದ ಹಲವಾರು ಮಣ್ಣಿನ ಮುದ್ರೆಗಳು ದೊರೆತವು. ಸುರುಳಿಗಳನ್ನು ಕಟ್ಟಿದ ದಾರದ ಗಂಟಿನ ಮೇಲೆ ಒತ್ತಿದ ಮುದ್ರೆಗಳಿವು. ಸುರುಳಿಗಳು ಉರಿದುಹೋಗಿ ಮುದ್ರೆಗಳಷ್ಟೇ ಉಳಿದಿವೆ. ಅವುಗಳಲ್ಲೊಂದರ ಮೇಲೆ ‘ಶಾಫಾನನ ಮಗ ಗೆಮರ್ಯಾಹುವಿನದು’ ಎಂದಿದೆ. ಬೈಬಲಿನ ಯೆರೆಮೀಯ ಪ್ರವಾದಿಯ ಗ್ರಂಥದ 36ನೆಯ ಅಧ್ಯಾಯದಲ್ಲಿ ಅವನ ಬರಹಗಾರ ಬಾರೂಕನು ಆ ಪ್ರವಾದಿಯ ಮಾತುಗಳನ್ನು ಜನರಿಗೆ ಓದಿ ಹೇಳುವುದು ಶಾಫಾನನ ಮಗ ಗೆಮರ್ಯನ ಕೊಠಡಿಯಲ್ಲಿಯೇ. ಇಬ್ಬರೂ ಒಬ್ಬನೇ ಎಂದು ಆಣೆಯಿಟ್ಟು ಹೇಳಲಾಗದಿದ್ದರೂ ಹೆಸರು, ತಂದೆಯ ಹೆಸರು, ಕಾಲ, ಸ್ಥಳ ನಾಲ್ಕೂ ಹೊಂದಿಕೊಳ್ಳುತ್ತವೆ. ಇದಕ್ಕೆ ಎದುರಾಗಿ, ಹಳೆಯ ವಸ್ತುಗಳ ಮಾರುಕಟ್ಟೆಯಿಂದ ಬಂದ, ‘ಲಿಪಿಕಾರ ನೇರೀಯನ ಮಗ ಬೆರೆಕ್ಯಾಹು’ ಎಂಬ ಮುದ್ರೆಯನ್ನು ಬಾರೂಕನದೆಂದು ಬಹಳ ದಿನ ಕೊಂಡಾಡಿ, ಕೊನೆಗೆ ಅದು ಖೋಟಾ ಎಂದು ಪರೀಕ್ಷಿಸಿದವರು ತೀರ್ಮಾನಿಸಿದರು. ಉತ್ಖನನದಲ್ಲಿ ಸಿಕ್ಕಿದ್ದಕ್ಕೂ ಅಂಗಡಿಯಲ್ಲಿ ಸಿಕ್ಕಿದ್ದಕ್ಕೂ ಇರುವ ಅಂತರವನ್ನು ತಮ್ಮ ಪುಸ್ತಕದಲ್ಲಿ ದಯವಿಟ್ಟು ಉಳಿಸಿಕೊಳ್ಳಿ.

ಅದೇ ಅಧ್ಯಾಯದಲ್ಲಿ ಇನ್ನೊಂದು ವಿವರವಿದೆ. ಸುರುಳಿಯ ಮೂರು ನಾಲ್ಕು ಅಂಕಣಗಳನ್ನು ಓದಿದ ಹಾಗೆಲ್ಲ ಯೆಹೋಯಾಕೀಮ ಅರಸನು ಅಷ್ಟನ್ನು ಕತ್ತರಿಸಿ ಎದುರಿಗಿದ್ದ ಅಗ್ಗಿಷ್ಟಿಕೆಗೆ ಎಸೆಯುತ್ತಾನೆ. ಕತ್ತರಿಸಲು ಅವನು ಬಳಸುವುದು ‘ಸೋಫೇರನ ಚಾಕು’, ಅಂದರೆ ಬರೆಯುವವರ ಸಲಕರಣೆಗಳಲ್ಲೊಂದು. ಬಾರೂಕನು ಯೆರೆಮೀಯನ ಬಾಯಿಂದ ಕೇಳಿ ಇನ್ನೊಂದು ಸುರುಳಿಯನ್ನು ಬರೆಯುತ್ತಾನೆ, ಅದಕ್ಕೆ ಇನ್ನೂ ಅನೇಕ ಮಾತುಗಳು ಸೇರಿದವು ಎಂದು ಗ್ರಂಥವೇ ಹೇಳುತ್ತದೆ. ಬರಹಗಾರನ ಪಾತ್ರ ಎಲ್ಲಿ ಮುಗಿಯಿತು, ಗ್ರಂಥಕಾರನ ಪಾತ್ರ ಎಲ್ಲಿ ಮೊದಲಾಯಿತು ಎಂದು ಗೆರೆ ಎಳೆಯುವುದು ಅಲ್ಲಿಂದಲೇ ಕಷ್ಟವಾಗುತ್ತದೆ.

ಎಣಿಕೆ:

ಎಜ್ರನ ಬಗ್ಗೆ ನನ್ನದೊಂದು ಮಾತು. ಎಜ್ರನ ಗ್ರಂಥದ 7ನೆಯ ಅಧ್ಯಾಯದಲ್ಲಿ ಅವನಿಗೆ ಎರಡು ಬಿರುದುಗಳು ಎರಡು ಭಾಷೆಗಳಲ್ಲಿ ಬರುತ್ತವೆ. ಹೀಬ್ರೂ ಭಾಗದಲ್ಲಿ ಅವನು ಮೋಶೆಯ ಧರ್ಮಶಾಸ್ತ್ರದಲ್ಲಿ ನುರಿತ, ಚುರುಕು ಕೈಯ ಸೋಫೇರ. ಪಾರಸಿಕ ಅರಸ ಅರ್ತಷಸ್ತನ ಪತ್ರವೆಂದು ಕೊಟ್ಟಿರುವ ಅರಮಾಯಿಕ್ ಭಾಗದಲ್ಲಿ ಅವನು ‘ಪರಲೋಕದೇವರ ಧರ್ಮಶಾಸ್ತ್ರದ ಲೇಖಕ’, ಇದು ಸರಕಾರಿ ಹುದ್ದೆಯ ಧಾಟಿಯಲ್ಲಿದೆ. ನ್ಯಾಯಾಧೀಶರನ್ನು ನೇಮಿಸುವ ಅಧಿಕಾರವನ್ನು ಪತ್ರವು ಅವನಿಗೆ ಕೊಡುತ್ತದೆ. ಆಜ್ಞೆಯನ್ನು ಮೀರಿದವರಿಗೆ ಮರಣ, ಗಡೀಪಾರು, ದಂಡ, ಸೆರೆ ಎಂದು ಶಿಕ್ಷೆಗಳನ್ನೂ ಹೆಸರಿಸುತ್ತದೆ. ಅವನು ಬಂದದ್ದು ಕ್ರಿ.ಪೂ. 458ರಲ್ಲೋ 398ರಲ್ಲೋ ಎಂಬ ವಿವಾದವಿದೆ, ಏಕೆಂದರೆ ಅರ್ತಷಸ್ತನೆಂಬ ಹೆಸರಿನ ಅರಸರು ಒಬ್ಬರಿಗಿಂತ ಹೆಚ್ಚು ಮಂದಿ ಇದ್ದರು. ಅದೇನೇ ಇರಲಿ, ಪದದ ಬದುಕು ಇಲ್ಲಿ ತಿರುವು ಪಡೆಯಿತು. ಶಾಫಾನನು ಅರಸನ ಸೇವೆಯಲ್ಲಿದ್ದ ಸೋಫೇರ. ಎಜ್ರನಾದರೋ ಒಂದು ಗ್ರಂಥದ ಸೋಫೇರ. ನೆಹೆಮೀಯನ ಗ್ರಂಥದ 8ನೆಯ ಅಧ್ಯಾಯದಲ್ಲಿ ಅವನು ನೀರುಬಾಗಿಲಿನ ಎದುರಿನ ಬಯಲಿನಲ್ಲಿ ಮರದ ಅಟ್ಟಣೆಯ ಮೇಲೆ ನಿಂತು ಬೆಳಗಿನಿಂದ ನಡುಹಗಲಿನವರೆಗೆ ಓದುತ್ತಾನೆ. ದೇವಾಲಯದ ಸೇವೆಯ ಕುಲದವರಾದ ಲೇವಿಯರು ಜನರ ನಡುವೆ ಓಡಾಡಿ ಅರ್ಥವನ್ನು ತಿಳಿಸುತ್ತಾರೆ. ಹುಲ್ದಳ ಬಳಿಗೆ ಹೋಗಿ ಕೇಳುವ ಅಗತ್ಯ ಇಲ್ಲಿ ಯಾರಿಗೂ ಬೀಳುವುದಿಲ್ಲ. ಪ್ರವಾದಿಗಿದ್ದ ಸ್ಥಾನಕ್ಕೆ ಓದು ಬಂದು ಕುಳಿತಿದೆ.

ಆದ್ದರಿಂದ ಎಜ್ರನಿಗೆ ‘ಶಾಸ್ತ್ರಿ’ ಎಂಬುದು ಒಪ್ಪುತ್ತದೆ ಎಂದು ನನ್ನ ಅಭಿಪ್ರಾಯ.

ದಸ್ತಾವೇಜು:

ನಾನು ಇತಿಹಾಸ ಓದಿದವನಲ್ಲ. ಮೂವತ್ತು ವರ್ಷ ಉಪನೋಂದಣಿ ಕಚೇರಿಯ ಎದುರು ಕುಳಿತು ಕ್ರಯಪತ್ರ, ದಾನಪತ್ರ, ಭೋಗ್ಯಪತ್ರಗಳನ್ನು ಬರೆದವನು. ತಾವೆಲ್ಲ ಅರಮನೆ ಮತ್ತು ದೇವಾಲಯದ ಬರಹಗಾರರ ಬಗ್ಗೆ ಮಾತನಾಡುತ್ತಿದ್ದೀರಿ. ಊರಿನ ಜನರ ಪತ್ರಗಳನ್ನು ಬರೆದುಕೊಟ್ಟವರು ಯಾರು? ಹೊಲ ಮಾರುವವನೂ ಮಗಳ ಮದುವೆ ಮಾಡುವವನೂ ಶಾಫಾನನ ಮನೆಗೆ ಹೋಗುತ್ತಿದ್ದರೇ?

ಮಣ್ಣಮುದ್ರೆ:

ದಸ್ತಾವೇಜು ಅವರೇ, ಈ ಪ್ರಶ್ನೆಯನ್ನು ಮೊದಲೇ ಯಾರಾದರೂ ಕೇಳಬೇಕಿತ್ತು. ಉತ್ತರಕ್ಕೆ ಬೇಕಾದಷ್ಟು ಸಾಮಗ್ರಿಯಿದೆ. ಕ್ರಿ.ಪೂ. ಐದನೆಯ ಶತಮಾನದಲ್ಲಿ ಈಜಿಪ್ಟಿನ ನೈಲ್ ನದಿಯ ನಡುಗಡ್ಡೆಯಾದ ಎಲಿಫೆಂಟೈನಿನಲ್ಲಿ ಪಾರಸಿಕರ ಸೇನೆಯಲ್ಲಿದ್ದ ಯೆಹೂದ್ಯರ ವಸತಿಯಿತ್ತು. ಅವರ ಮದುವೆಯ ಪತ್ರಗಳು, ಮನೆಯ ದಾನಪತ್ರಗಳು, ಸಾಲಪತ್ರಗಳು ಪಪೈರಸ್ ಹಾಳೆಗಳಲ್ಲಿ ಅರಮಾಯಿಕ್ ಭಾಷೆಯಲ್ಲಿ ಉಳಿದಿವೆ. ಯಾರು ಬರೆದರು, ಯಾರ ಮಾತಿನಂತೆ ಬರೆದರು ಎಂಬುದನ್ನು ಪತ್ರದಲ್ಲಿಯೇ ದಾಖಲಿಸುವುದು ಅಲ್ಲಿನ ರೂಢಿ. ಮದುವೆಯ ಪತ್ರದಲ್ಲಿ ಹೆಂಡತಿಯೂ ಸಭೆಯಲ್ಲಿ ಎದ್ದು ನಿಂತು ಗಂಡನನ್ನು ತ್ಯಜಿಸುತ್ತೇನೆಂದು ಹೇಳಬಹುದೆಂಬ ಷರತ್ತು ಇದೆ. ಮುಂದಿನ ಕಾಲದ ಯೆಹೂದ್ಯ ಧರ್ಮಶಾಸ್ತ್ರದಲ್ಲಿ ವಿಚ್ಛೇದನಪತ್ರವನ್ನು ಕೊಡುವ ಅಧಿಕಾರ ಗಂಡನದು ಮಾತ್ರ ಎಂಬುದನ್ನು ನೆನೆದರೆ ಈ ಷರತ್ತಿನ ತೂಕ ತಿಳಿಯುತ್ತದೆ. ಈ ಬರಹಗಾರರು ಎಜ್ರನ ಶಿಷ್ಯರಲ್ಲ. ಅವರ ಒಕ್ಕಣೆ ಸಾಮ್ರಾಜ್ಯದುದ್ದಕ್ಕೂ ನಡೆಯುತ್ತಿದ್ದ ಅರಮಾಯಿಕ್ ಪತ್ರಗಳ ಒಕ್ಕಣೆ.

ಇನ್ನೊಂದು ಕಂತೆ ತಮಗೆ ಇನ್ನೂ ಹತ್ತಿರವೆನಿಸಬಹುದು. ಮೃತಸಮುದ್ರದ ಪಶ್ಚಿಮದ ಗುಹೆಯೊಂದರಲ್ಲಿ 1961ರಲ್ಲಿ ಯಿಗಾಯೆಲ್ ಯಾದಿನ್ ಅವರ ತಂಡಕ್ಕೆ ಬಾಬತಾ ಎಂಬ ಹೆಂಗಸಿನ ಚರ್ಮದ ಚೀಲ ಸಿಕ್ಕಿತು, ಅದರೊಳಗೆ ಕ್ರಿ.ಶ. 94ರಿಂದ 132ರವರೆಗಿನ 35 ಪತ್ರಗಳಿದ್ದವು. ನಬತೀಯ, ಅರಮಾಯಿಕ್, ಗ್ರೀಕ್ ಮೂರೂ ಭಾಷೆಗಳಿವೆ. ಕ್ರಿ.ಶ. 127ರಲ್ಲಿ ರೋಮನರ ಭೂಗಣತಿಗಾಗಿ ಅವಳು ತನ್ನ ಖರ್ಜೂರದ ತೋಟಗಳನ್ನು ನೋಂದಾಯಿಸಿದ್ದಾಳೆ: ತೋಟದ ಹೆಸರು, ಕಟ್ಟಬೇಕಾದ ಕಂದಾಯ, ಪಕ್ಕದಲ್ಲಿ ಯಾರ ಜಮೀನು, ಎಲ್ಲಿ ದಾರಿ, ಎಲ್ಲಿ ಸಮುದ್ರ. ಅವಳಿಗೆ ಬರೆಯಲು ಬರುತ್ತಿರಲಿಲ್ಲ. ಅವಳ ಪರವಾಗಿ ಬೇರೆಯವರು ಬರೆದಿದ್ದಾರೆ. ಹಲವು ಪತ್ರಗಳು ಜೋಡಿಪತ್ರಗಳು. ಒಂದೇ ಹಾಳೆಯಲ್ಲಿ ಒಕ್ಕಣೆಯನ್ನು ಎರಡು ಸಲ ಬರೆದು, ಮೇಲಿನದನ್ನು ಮಡಚಿ ದಾರ ಕಟ್ಟಿ, ಕೆಳಗಿನದನ್ನು ಓದಲು ತೆರೆದಿಡುತ್ತಿದ್ದರು. ತಕರಾರು ಬಂದರೆ ಕಟ್ಟು ಬಿಚ್ಚಿ ಎರಡನ್ನೂ ತಾಳೆ ನೋಡುವುದು.

ದಸ್ತಾವೇಜು:

ಅಂದರೆ ಚೆಕ್ಕುಬಂದಿ ಅಲ್ಲಿಯೂ ಇತ್ತು! ಕೊನೆಯಲ್ಲಿ ಬರೆದವನ ಹೆಸರು ಹಾಕುತ್ತಿದ್ದರೇ? ನಾವು ‘ಬಿಕ್ಕಲಂ’ ಎಂದು ಹಾಕುತ್ತಿದ್ದೆವು.

ಮಣ್ಣಮುದ್ರೆ:

ಹಾಕುತ್ತಿದ್ದರು. ಬಾಬತಾಳ ಕೆಲವು ಗ್ರೀಕ್ ಪತ್ರಗಳ ಕೊನೆಯಲ್ಲಿ ‘ಯೆಹೂದನ ಮಗ ಗೆರ್ಮಾನೊಸ್, ಲಿಬ್ಲಾರಿಯೊಸ್, ಬರೆದೆನು’ ಎಂದಿದೆ. ತಂದೆಯ ಹೆಸರು ಯೆಹೂದ್ಯರದು, ಅವನ ಹೆಸರು ಲ್ಯಾಟಿನ್ ಮೂಲದ್ದು, ಬರಹಗಾರನೆಂಬ ಅರ್ಥದ ಆ ಹುದ್ದೆಯ ಹೆಸರೂ ಲ್ಯಾಟಿನ್ ಮೂಲದ್ದು, ಬರೆದ ಭಾಷೆ ಗ್ರೀಕ್.

ಕಡತದಹುಳು:

ಇದರಿಂದ ನನ್ನ ಕಷ್ಟ ಇಮ್ಮಡಿಯಾಯಿತು. ಒಂದು ಕಡೆ ಗೆರ್ಮಾನೊಸನಂಥವರು ಪತ್ರ ಬರೆಯುತ್ತಿದ್ದಾರೆ, ಇನ್ನೊಂದು ಕಡೆ ಸುವಾರ್ತೆಗಳಲ್ಲಿ ‘ಶಾಸ್ತ್ರಿಗಳು’ ನಿಲುವಂಗಿ ತೊಟ್ಟು ಮೋಶೆಯ ಪೀಠದಲ್ಲಿ ಕುಳಿತಿದ್ದಾರೆ. ಎರಡಕ್ಕೂ ಗ್ರೀಕಿನಲ್ಲಿ ‘ಗ್ರಮ್ಮತೇವ್ಸ್’ ಎಂಬ ಒಂದೇ ಪದ ಸಲ್ಲುತ್ತದೆ.

ಎಣಿಕೆ:

ತಮಗಿಂತ ಮೊದಲು ಈ ಕಷ್ಟವನ್ನು ಅನುಭವಿಸಿದವನು ಸುವಾರ್ತೆಕಾರ ಲೂಕನು. ಸಾಮಾನ್ಯ ಗ್ರೀಕ್ ಓದುಗನಿಗೆ ‘ಗ್ರಮ್ಮತೇವ್ಸ್’ ಎಂದರೆ ಗುಮಾಸ್ತ ಅಥವಾ ನಗರದ ಕಾರ್ಯದರ್ಶಿ. ಅವನದೇ ಎನ್ನುವ ಅಪೊಸ್ತಲರ ಕೃತ್ಯಗಳ 19ನೆಯ ಅಧ್ಯಾಯದಲ್ಲಿ ಎಫೆಸದ ಗದ್ದಲವನ್ನು ಶಾಂತಗೊಳಿಸುವ ಅಧಿಕಾರಿಯೂ ಗ್ರಮ್ಮತೇವ್ಸ್‌ನೇ, ಅವನನ್ನು ಯಾರೂ ಶಾಸ್ತ್ರಿಯೆನ್ನಲಾರರು. ಆದ್ದರಿಂದ ಲೂಕನು ಯೆಹೂದ್ಯ ವಿದ್ವಾಂಸರ ಬಗ್ಗೆ ಹೇಳುವಾಗ ಹಲವು ಕಡೆ ‘ನೊಮಿಕೊಸ್’, ಅಂದರೆ ಧರ್ಮಶಾಸ್ತ್ರಜ್ಞ, ಎಂಬ ಬೇರೆ ಪದವನ್ನು ತರುತ್ತಾನೆ. ಎಲ್ಲಕ್ಕಿಂತ ದೊಡ್ಡ ಆಜ್ಞೆ ಯಾವುದೆಂದು ಮಾರ್ಕನ ಸುವಾರ್ತೆಯಲ್ಲಿ ಕೇಳುವವನು ಗ್ರಮ್ಮತೇವ್ಸ್. ಅದಕ್ಕೆ ಹೋಲುವ ಲೂಕನ ಪ್ರಸಂಗದಲ್ಲಿ ಕೇಳುವವನು ನೊಮಿಕೊಸ್. ಗಮಲಿಯೇಲನೆಂಬ ಗುರುವನ್ನು ಲೂಕನು ಧರ್ಮಶಾಸ್ತ್ರದ ಬೋಧಕನೆನ್ನುತ್ತಾನೆ. ಕನ್ನಡಕ್ಕೆ ತಂದವರು ‘ಶಾಸ್ತ್ರಿ’ ಎಂಬ ಪದವನ್ನು ಆರಿಸಿಕೊಂಡಾಗ ಲೂಕನ ದಾರಿಯನ್ನೇ ಹಿಡಿದರು, ಮಾರ್ಕನ ಪದದಲ್ಲಿದ್ದ ಮಸಿಯ ಕಲೆ ಅಲ್ಲಿಗೆ ಅಳಿಸಿಹೋಯಿತು.

ಇನ್ನು, ಬರೆಯುವವರೆಲ್ಲರಿಗೂ ಒಂದೇ ಮರ್ಯಾದೆ ಇರಲಿಲ್ಲ. ಯೆರೂಸಲೇಮಿನ ಬೆನ್ ಸೀರಾ ಕ್ರಿ.ಪೂ. 180ರ ಸುಮಾರಿನಲ್ಲಿ ಬರೆದ ಗ್ರಂಥದಲ್ಲಿ, ಸೋಫೇರನ ಜ್ಞಾನಕ್ಕೆ ಬಿಡುವು ಬೇಕು ಎಂದು ಮೊದಲು ಮಾಡಿ, ನೇಗಿಲು ಹಿಡಿದವನು, ಮುದ್ರೆ ಕೆತ್ತುವವನು, ಕಮ್ಮಾರ, ಕುಂಬಾರ ಎಲ್ಲರನ್ನೂ ಸಾಲಾಗಿ ಚಿತ್ರಿಸುತ್ತಾನೆ. ಅವರಿಲ್ಲದೆ ಊರಿಲ್ಲ, ಆದರೂ ಸಭೆಯಲ್ಲಿ ಅವರ ಮಾತು ಕೇಳುವವರಿಲ್ಲ, ನ್ಯಾಯಪೀಠದಲ್ಲಿ ಅವರು ಕೂರುವುದಿಲ್ಲ ಎನ್ನುತ್ತಾನೆ. ಕುಲುಮೆಯ ಬಿಸಿಯನ್ನೂ ತಿಗರಿಯನ್ನು ತಿರುಗಿಸುವ ಕುಂಬಾರನ ಕಾಲನ್ನೂ ಅಷ್ಟು ಕಣ್ಣಿಟ್ಟು ನೋಡಿದವನು ಹೀಗೆ ಹೇಳಿದ್ದು ನನಗೆ ಇಂದಿಗೂ ಸ್ವಲ್ಪ ನೋವು ಕೊಡುತ್ತದೆ. ಅವನ ಕಾಲಕ್ಕೆ ಸ್ವಲ್ಪವೇ ಮೊದಲು ಆ ನಾಡನ್ನಾಳುತ್ತಿದ್ದ ಗ್ರೀಕ್ ಅರಸ ಮೂರನೆಯ ಅಂತಿಯೋಕಸನು ಹೊರಡಿಸಿದ ಆಜ್ಞೆಯಲ್ಲಿ ಯಾಜಕರೊಂದಿಗೆ ದೇವಾಲಯದ ಲೇಖಕರಿಗೂ ತಲೆಗಂದಾಯ ಮನ್ನಾ ಆಗಿತ್ತೆಂದು ಯೆಹೂದ್ಯ ಇತಿಹಾಸಕಾರ ಜೋಸೀಫಸ್ ದಾಖಲಿಸುತ್ತಾನೆ. ಅದೇ ಜೋಸೀಫಸನಲ್ಲಿ ಇನ್ನೊಂದು ಪ್ರಸಂಗ: ಯೆಹೂದ್ಯರ ಅರಸ ಹೆರೋದನ ರಾಣಿಯ ಮಕ್ಕಳಾದ ಅಲೆಕ್ಸಾಂಡರ್ ಮತ್ತು ಅರಿಸ್ಟೊಬುಲಸ್, ತಾವು ಪಟ್ಟಕ್ಕೆ ಬಂದರೆ ಮಲಸಹೋದರರನ್ನು ಹಳ್ಳಿಯ ಗುಮಾಸ್ತರನ್ನಾಗಿ ಮಾಡುತ್ತೇವೆಂದು ಬೆದರಿಸಿದರಂತೆ, ಅವರು ಅಷ್ಟು ಚೆನ್ನಾಗಿ ಓದು ಕಲಿತಿದ್ದಾರಲ್ಲ ಎಂಬ ಕುಹಕದೊಂದಿಗೆ. ಬೆನ್ ಸೀರಾ ತನ್ನ ಸೋಫೇರನನ್ನು ಕೂರಿಸಿದ ಎತ್ತರವನ್ನೂ ಈ ಬೈಗುಳವನ್ನೂ ಒಂದೇ ಕನ್ನಡ ಪದ ಹೊರಲಾರದು.

ದಸ್ತಾವೇಜು:

ಹಳ್ಳಿಯ ಗುಮಾಸ್ತ ಎಂಬುದು ಬೈಗುಳವಾಯಿತೇ! ಇರಲಿ. ನನಗೊಂದು ಕುತೂಹಲ. ಶಾಸ್ತ್ರಿಗಳು ಕಾನೂನು ಹೇಳುತ್ತಿದ್ದರು, ಪತ್ರ ಬರೆಯುವವರು ಪತ್ರ ಬರೆಯುತ್ತಿದ್ದರು. ಇಬ್ಬರಿಗೂ ವ್ಯವಹಾರ ಇರಲಿಲ್ಲವೇ? ನಮ್ಮ ಕೆಲಸದಲ್ಲಿ ಕಾಯಿದೆ ಬದಲಾದರೆ ಒಕ್ಕಣೆ ಬದಲಾಗುತ್ತದೆ.

ಎಣಿಕೆ:

ಅದಕ್ಕೆ ಹಿಲ್ಲೇಲನೆಂಬ ಧರ್ಮಗುರುವಿನ ‘ಪ್ರೊಜ್ಬುಲ್’ ಪತ್ರಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಬೈಬಲಿನ ಧರ್ಮೋಪದೇಶಕಾಂಡದ ವಿಧಿಯಂತೆ ಏಳನೆಯ ವರ್ಷದಲ್ಲಿ ಸಾಲಗಳು ಬಿಟ್ಟುಹೋಗಬೇಕು. ಆ ವರ್ಷ ಹತ್ತಿರ ಬಂತೆಂದು ಬಡವನಿಗೆ ಸಾಲ ಕೊಡದಿರುವುದೂ ತಪ್ಪೆಂದು ಅಲ್ಲಿಯೇ ಎಚ್ಚರಿಕೆಯಿದೆ. ಜನರು ಆ ಎಚ್ಚರಿಕೆಯನ್ನು ಮೀರಿ ಸಾಲ ಕೊಡುವುದನ್ನು ನಿಲ್ಲಿಸಿದ್ದನ್ನು ಕಂಡ ಹಿಲ್ಲೇಲನು ಒಂದು ಪತ್ರವನ್ನು ವಿಧಿಸಿದನೆಂದು ಯೆಹೂದ್ಯ ಕಟ್ಟಳೆಗಳ ಸಂಕಲನವಾದ ಮಿಶ್ನಾದ ಶೆವಿಯೀತ್ ಭಾಗ ಹೇಳುತ್ತದೆ. ‘ಇಂಥ ಊರಿನ ನ್ಯಾಯಾಧೀಶರಾದ ನಿಮಗೆ ಒಪ್ಪಿಸುತ್ತೇನೆ, ನನಗೆ ಬರಬೇಕಾದ ಸಾಲವನ್ನು ನಾನು ಬೇಕೆಂದಾಗ ವಸೂಲು ಮಾಡುತ್ತೇನೆ’ ಎಂಬುದು ಅದರ ಸಾರ. ಕೆಳಗೆ ನ್ಯಾಯಾಧೀಶರ ಅಥವಾ ಸಾಕ್ಷಿಗಳ ರುಜು. ಶಾಸ್ತ್ರದ ಅಕ್ಷರವನ್ನು ಅಳಿಸದೆ ಒಂದು ಒಕ್ಕಣೆಯಿಂದಲೇ ಅದರ ಪರಿಣಾಮವನ್ನು ಬದಲಿಸಿದ್ದು ಇದು.

ಮಣ್ಣಮುದ್ರೆ:

ಅಲ್ಲಿ ಸ್ವಲ್ಪ ನಿಲ್ಲಿ, ಮೇಡಂ. ಮೃತಸಮುದ್ರದ ಬಳಿಯ ಮುರಬ್ಬಾತ್ ಕಣಿವೆಯಲ್ಲಿ ದೊರೆತ ಸಾಲಪತ್ರವೊಂದು ನೀರೋ ಚಕ್ರವರ್ತಿಯ ಎರಡನೆಯ ವರ್ಷದ್ದು, ಅಂದರೆ ಕ್ರಿ.ಶ. 55 ಅಥವಾ 56ರದ್ದು. ಬಿಡುಗಡೆಯ ವರ್ಷವಾದರೂ ತೀರಿಸುತ್ತೇನೆ ಎಂದು ಸಾಲಗಾರನೇ ಅದರಲ್ಲಿ ಒಪ್ಪಿಕೊಂಡಿದ್ದಾನೆ. ಹಿಲ್ಲೇಲನ ಒಕ್ಕಣೆ ಅದಲ್ಲ. ನ್ಯಾಯಾಧೀಶರಿಗೆ ಒಪ್ಪಿಸುವ ಮಾತೇ ಅಲ್ಲಿಲ್ಲ. ಶಾಸ್ತ್ರಜ್ಞರು ಒಕ್ಕಣೆಯನ್ನು ಕಂಡುಹಿಡಿದು ಬರಹಗಾರರಿಗೆ ಕೊಟ್ಟರೋ, ಬರಹಗಾರರು ಜನರ ಅಗತ್ಯಕ್ಕೆ ತಕ್ಕಂತೆ ಮಾಡಿಕೊಂಡಿದ್ದ ಉಪಾಯಗಳಲ್ಲೊಂದನ್ನು ಶಾಸ್ತ್ರಜ್ಞರು ಕ್ರಮಬದ್ಧಗೊಳಿಸಿದರೋ ಎಂಬುದನ್ನು ಮಿಶ್ನಾ ಒಂದನ್ನೇ ಓದಿ ನಿರ್ಧರಿಸಲಾಗದು. ಬಾಬತಾಳ ಮೊಕದ್ದಮೆಗಳು ನಡೆದದ್ದೂ ರಬ್ಬಿಗಳೆಂಬ ಯೆಹೂದ್ಯ ಧರ್ಮಗುರುಗಳ ಮುಂದಲ್ಲ, ರೋಮನ್ ರಾಜ್ಯಪಾಲನ ಮುಂದೆ.

ಎಣಿಕೆ:

ಒಪ್ಪಿದೆ. ಕ್ರಿ.ಶ. 200ರ ಸುಮಾರಿಗೆ ಮಿಶ್ನಾ ಸಂಕಲನವಾದಾಗ ಅದನ್ನು ರೂಪಿಸಿದವರು ತಮ್ಮದೇ ಪರಂಪರೆಯ ಕಣ್ಣಿನಿಂದ ಎಲ್ಲವನ್ನೂ ಕಂಡವರು ಎಂಬುದು ನಿಜ. ಆದರೆ ಅದೇ ಗ್ರಂಥದಲ್ಲಿ ಬರಹಗಾರನ ಕೆಲಸದ ಒಳಹೊಕ್ಕ ಪರಿಚಯವೂ ಇದೆ. ಗಿಟ್ಟೀನ್ ಎಂಬ ಭಾಗದಲ್ಲಿ, ಬರಹಗಾರರು ವಿಚ್ಛೇದನಪತ್ರದ ಸಾಮಾನ್ಯ ಒಕ್ಕಣೆಯನ್ನು ಮೊದಲೇ ಬರೆದಿಟ್ಟುಕೊಳ್ಳಬಹುದು, ಗಂಡಹೆಂಡಿರ ಹೆಸರು ಮತ್ತು ತಾರೀಖಿಗೆ ಜಾಗ ಖಾಲಿ ಬಿಡಬೇಕು ಎಂದಿದೆ. ದಸ್ತಾವೇಜು ಅವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲವೆಂದುಕೊಳ್ಳುತ್ತೇನೆ. ಸನ್ಹೆದ್ರೀನ್ ಎಂಬ ಭಾಗದಲ್ಲಿ ನ್ಯಾಯಸಭೆಯು ಅರ್ಧಚಂದ್ರಾಕಾರದ ಕಣದಂತೆ ಕುಳಿತಿರುತ್ತದೆ, ಎದುರಿಗೆ ಎಡಬಲಗಳಲ್ಲಿ ಇಬ್ಬರು ಬರಹಗಾರರು ನಿಂತು ಬಿಡುಗಡೆಯ ಪರವಾದ ಮಾತುಗಳನ್ನೂ ಶಿಕ್ಷೆಯ ಪರವಾದ ಮಾತುಗಳನ್ನೂ ಬರೆದುಕೊಳ್ಳುತ್ತಾರೆ. ಅಂದರೆ ಆ ಹೊತ್ತಿಗೆ ಕುಳಿತವರು ‘ಹಖಾಮೀಮ್’, ಜ್ಞಾನಿಗಳು, ನಿಂತವರು ಸೋಫೇರರು.

ನನ್ನ ವಾದದ ತಿರುಳು ಇದೇ. ಶಾಫಾನನ ಕಾಲದಲ್ಲಿ ಅರಮನೆಯ ಹುದ್ದೆಯಾಗಿದ್ದ ಪದ ಎಜ್ರನಲ್ಲಿ ಮತ್ತು ಬೆನ್ ಸೀರಾನಲ್ಲಿ ಶಾಸ್ತ್ರದ ಎತ್ತರಕ್ಕೆ ಏರಿತು, ರಬ್ಬಿಗಳ ಕಾಲಕ್ಕೆ ಮನುಷ್ಯನು ಮಸಿಕುಡಿಕೆಯ ಬಳಿಗೆ ಇಳಿದುಬಂದನು, ಆದರೆ ಪದದ ಅಧಿಕಾರ ಮಾತ್ರ ಮೇಲೆಯೇ ಉಳಿಯಿತು. ‘ದಿವ್ರೇ ಸೋಫ್ರೀಮ್’, ಸೋಫೇರರ ಮಾತುಗಳು, ಎಂದರೆ ಮೋಶೆಯ ಧರ್ಮಶಾಸ್ತ್ರವಾದ ತೋರಾದಲ್ಲಿ ನೇರವಾಗಿಲ್ಲದ, ಹಿರಿಯರಿಂದ ಬಂದ ವಿಧಿ. ತೋರಾದ ವಾಕ್ಯಗಳನ್ನಿಟ್ಟು ಪ್ರಾರ್ಥನೆಯಲ್ಲಿ ತೋಳಿಗೂ ಹಣೆಗೂ ಕಟ್ಟಿಕೊಳ್ಳುವ ಸಂಪುಟವಾದ ‘ತೆಫಿಲ್ಲೀನ್’ ಎಂಬುದೇ ಇಲ್ಲ ಎಂದು ತೋರಾವನ್ನು ಮೀರಲು ಹೇಳುವವನಿಗೆ ಶಿಕ್ಷೆಯಿಲ್ಲ, ಅದಕ್ಕೆ ಐದು ಅರೆಗಳಿರಬೇಕೆಂದು ಸೋಫೇರರ ಮಾತಿಗೆ ಸೇರಿಸುವವನಿಗೆ ಶಿಕ್ಷೆಯಿದೆ ಎಂದು ಸನ್ಹೆದ್ರೀನ್ ಭಾಗ ಹೇಳುತ್ತದೆ. ಅತ್ತ ಸೋಟಾ ಎಂಬ ಭಾಗದ ಕೊನೆಯಲ್ಲಿ ರಬ್ಬಿ ಎಲಿಯೆಜೆರನ ಹೆಸರಿನಲ್ಲಿ ಒಂದು ಅಳಲು ಬರುತ್ತದೆ: ದೇವಾಲಯ ಹಾಳಾದ ದಿನದಿಂದ ಜ್ಞಾನಿಗಳು ಸೋಫೇರರಂತಾದರು, ಸೋಫೇರರು ಸಭಾಮಂದಿರದ ಪರಿಚಾರಕರಂತಾದರು, ಪರಿಚಾರಕರು ಪಾಮರರಂತಾದರು. ಇಲ್ಲಿ ಸೋಫೇರನೆಂದರೆ ಮಕ್ಕಳಿಗೆ ಓದು ಕಲಿಸುವ ಉಪಾಧ್ಯಾಯ.

ಕಡತದಹುಳು:

ಹಾಗಾದರೆ ಎಣಿಸುವವನು ಎಂಬ ಅರ್ಥ?

ಎಣಿಕೆ:

ನನ್ನ ಹೆಸರಿಗೆ ಕಾರಣವೇ ಅದು. ಮಿಶ್ನಾದ ಮೇಲಿನ ಚರ್ಚೆಗಳ ಸಂಕಲನವಾದ ಬಾಬಿಲೋನಿಯದ ತಾಲ್ಮುದಿನ ಕಿದ್ದೂಶೀನ್ ಭಾಗದಲ್ಲಿ, ಹಿಂದಿನವರು ತೋರಾದ ಎಲ್ಲ ಅಕ್ಷರಗಳನ್ನು ಎಣಿಸುತ್ತಿದ್ದುದರಿಂದ ಅವರಿಗೆ ಸೋಫೇರರೆಂದು ಹೆಸರಾಯಿತು ಎಂದಿದೆ. ಯಾಜಕಕಾಂಡ 11:42ರಲ್ಲಿ ಹೊಟ್ಟೆ ಎಂಬರ್ಥದ ‘ಗಾಹೋನ್’ ಪದದಲ್ಲಿರುವ ವಾವ್ ಅಕ್ಷರ ಇಡೀ ತೋರಾದ ನಟ್ಟನಡುವಿನದು ಎಂದು ಅವರ ಲೆಕ್ಕ. ಇಂದಿಗೂ ಸುರುಳಿಗಳಲ್ಲಿ ಆ ವಾವ್ ಅಕ್ಷರವನ್ನು ದೊಡ್ಡದಾಗಿ ಬರೆಯುತ್ತಾರೆ. ಆ ವಾವ್ ಮೊದಲರ್ಧಕ್ಕೆ ಸೇರಿದ್ದೋ ಎರಡನೆಯ ಅರ್ಧಕ್ಕೋ ಎಂದು ರಬ್ಬಿ ಯೋಸೇಫನು ಕೇಳುತ್ತಾನೆ. ಸುರುಳಿ ತಂದು ಎಣಿಸೋಣ ಎಂದರೆ, ಪೂರ್ಣ ಮತ್ತು ಹ್ರಸ್ವ ಕಾಗುಣಿತಗಳಲ್ಲಿ ಅವರಷ್ಟು ನಿಪುಣರು ನಾವಲ್ಲ ಎಂಬ ಉತ್ತರ ಬರುತ್ತದೆ. ಇಂದಿನ ಪ್ರತಿಗಳಲ್ಲಿರುವ 3,04,805 ಅಕ್ಷರಗಳನ್ನು ಎಣಿಸಿದರೆ ನಡು ಅಕ್ಷರ ಅಲ್ಲಿಲ್ಲ, ಅದೇ ಕಾಂಡದ 8ನೆಯ ಅಧ್ಯಾಯದಲ್ಲಿದೆ.

ಬರೆಯುವವನ ಹೊಣೆಯ ಬಗ್ಗೆ ಇನ್ನೊಂದು ಕಥೆ ಅದೇ ತಾಲ್ಮುದಿನ ಏರುವೀನ್ ಭಾಗದಲ್ಲಿದೆ. ರಬ್ಬಿ ಮೇಯೀರನು ರಬ್ಬಿ ಇಶ್ಮಾಯೇಲನ ಬಳಿಗೆ ಬಂದಾಗ ಗುರುವು, ‘ಮಗನೇ, ನಿನ್ನ ಕಸುಬೇನು?’ ಎಂದು ಕೇಳುತ್ತಾನೆ. ‘ನಾನು ಲಬ್ಲಾರ್’ ಎಂದು ಉತ್ತರ. ಎಚ್ಚರದಿಂದಿರು, ನಿನ್ನದು ದೇವರ ಕೆಲಸ, ಒಂದಕ್ಷರ ಬಿಟ್ಟರೂ ಸೇರಿಸಿದರೂ ಇಡೀ ಲೋಕವನ್ನು ಹಾಳುಮಾಡಿದಂತೆ ಎನ್ನುತ್ತಾನೆ ಗುರು. ಮಣ್ಣಮುದ್ರೆ ಅವರು ಈ ‘ಲಬ್ಲಾರ್’ ಪದವನ್ನು ಗಮನಿಸಿರಬೇಕು. ಅದು ಗೆರ್ಮಾನೊಸನ ‘ಲಿಬ್ಲಾರಿಯೊಸ್’. ಬಾಬತಾಳ ಪತ್ರ ಬರೆದವನಿಗೂ ಮಿಶ್ನಾದ ಪುಟಪುಟದಲ್ಲಿ ಕಾಣುವ ಶಾಸ್ತ್ರಜ್ಞನಿಗೂ ಕಸುಬಿನ ಹೆಸರು ಒಂದೇ. ಇಂಥವರ ಜೇಬಿನ ವಿಷಯಕ್ಕೆ ಬಂದರೆ, ಪವಿತ್ರ ಸುರುಳಿಗಳನ್ನು ಬರೆಯುವವರು ಶ್ರೀಮಂತರಾಗಬಾರದೆಂದು ಮಹಾಸಭೆಯ ಹಿರಿಯರು 24 ಉಪವಾಸ ಮಾಡಿದರೆಂದು ಪೆಸಾಹೀಮ್ ಭಾಗದಲ್ಲಿದೆ, ಏಕೆಂದರೆ ಹಣವಾದರೆ ಅವರು ಬರೆಯುವುದನ್ನೇ ಬಿಟ್ಟಾರು.

ದಸ್ತಾವೇಜು:

ಆ ಉಪವಾಸ ನಮ್ಮ ಕಸುಬಿನವರಿಗೂ ತಗುಲಿರಬೇಕು.

ಮಣ್ಣಮುದ್ರೆ:

ಎಣಿಕೆ ಮೇಡಂ ಅವರ ಏರಿಳಿತದ ಚಿತ್ರ ಅಂದವಾಗಿದೆ, ಆದರೆ ಮೇಯೀರನೇ ಅದನ್ನು ಕೆಡಿಸುತ್ತಾನೆ. ಅವನು ಕುಳಿತವರಲ್ಲಿಯೂ ಒಬ್ಬ, ಬರೆಯುವವರಲ್ಲಿಯೂ ಒಬ್ಬ. ಮಿಶ್ನಾದ ಪೇಯಾ ಎಂಬ ಭಾಗದಲ್ಲಿ ಬರುವ ಲಬ್ಲಾರ್ ನಹೂಮನನ್ನು ಏನು ಮಾಡುವಿರಿ? ಹೊಲದ ಮೂಲೆಯನ್ನು ಕೊಯ್ಯದೆ ಬಡವರಿಗೆ ಬಿಡಬೇಕೆಂಬ ವಿಧಿಯಿದೆಯಲ್ಲ, ಎರಡು ಬಗೆಯ ಗೋಧಿ ಬಿತ್ತಿದವನು ಒಂದು ಮೂಲೆ ಬಿಡಬೇಕೋ ಎರಡೋ ಎಂಬ ಪ್ರಶ್ನೆ ರಬ್ಬಾನ್ ಗಮಲಿಯೇಲನ ಬಳಿಗೆ ಬರುತ್ತದೆ. ಅವನಿಗೂ ಉತ್ತರ ತಿಳಿಯದೆ ಎಲ್ಲರೂ ದೇವಾಲಯದ ಕೆತ್ತಿದ ಕಲ್ಲಿನ ಕೊಠಡಿಗೆ ಹೋಗುತ್ತಾರೆ. ಅಲ್ಲಿ ಉತ್ತರ ಹೇಳುವವನು ಜ್ಞಾನಿಗಳಲ್ಲೊಬ್ಬನಲ್ಲ, ಬರಹಗಾರ ನಹೂಮ್. ತಾನು ಮೆಯಾಶಾನಿಂದ, ಅವನು ತನ್ನ ತಂದೆಯಿಂದ, ಅವನು ಜೋಡಿಜೋಡಿಯಾಗಿ ಪರಂಪರೆಯನ್ನು ನಡೆಸಿದ ಹಿಂದಿನ ಜೋಡಿಗುರುಗಳಿಂದ, ಅವರು ಪ್ರವಾದಿಗಳಿಂದ ಪಡೆದ, ಸೀನಾಯಿಯಲ್ಲಿ ಮೋಶೆಗೆ ದೊರೆತ ವಿಧಿಯಿದು ಎನ್ನುತ್ತಾನೆ: ಒಂದೇ ಕಣ ಮಾಡಿದರೆ ಒಂದು ಮೂಲೆ, ಎರಡು ಕಣ ಮಾಡಿದರೆ ಎರಡು.

ಎಣಿಕೆ:

ಸೋತೆ. ನಹೂಮ್ ನನ್ನ ಏಣಿಯ ಯಾವ ಮೆಟ್ಟಿಲಿನಲ್ಲೂ ನಿಲ್ಲುವುದಿಲ್ಲ.

ಕಡತದಹುಳು:

ಎಲ್ಲರಿಗೂ ಕೃತಜ್ಞತೆಗಳು. ಒಂದೇ ಪದ ಹುಡುಕುವ ಹಟವನ್ನು ಬಿಟ್ಟಿದ್ದೇನೆ. ಶಾಫಾನನಿಗೆ ‘ರಾಯಸದವನು’ ಎಂದು ಹಾಕುತ್ತೇನೆ, ಎಜ್ರನಿಗೂ ಬೆನ್ ಸೀರಾನ ವರ್ಣನೆಗೂ ‘ಶಾಸ್ತ್ರಿ’ ಇರಲಿ, ಗೆರ್ಮಾನೊಸನು ‘ಪತ್ರಬರಹಗಾರ’, ಸುರುಳಿ ಬರೆಯುವ ಮೇಯೀರನು ‘ಲಿಪಿಕಾರ’. ಮೊದಲ ಸಲ ಬಂದಲ್ಲೆಲ್ಲ ಪಕ್ಕದಲ್ಲಿ ಮೂಲಪದವನ್ನೂ ಕನ್ನಡ ಲಿಪಿಯಲ್ಲಿ ಕೊಡುತ್ತೇನೆ, ಏಣಿ ಒಂದೇ ಎಂಬುದು ಓದುಗರಿಗೆ ಕಾಣಲಿ. ನಹೂಮನಿಗೆ ಮಾತ್ರ ಇನ್ನೂ ಪದ ಸಿಕ್ಕಿಲ್ಲ.

ದಸ್ತಾವೇಜು:

ಅವನಿಗೂ ‘ಪತ್ರಬರಹಗಾರ’ ಎಂದೇ ಹಾಕಿ, ಸ್ವಾಮಿ. ಯಾವ ಹೊಲಕ್ಕೆ ಯಾವ ಕಟ್ಟಳೆ ಎಂಬುದು ಕಚೇರಿಯ ಸಾಹೇಬರಿಗೆ ಗೊತ್ತಿಲ್ಲದಾಗ ಹೊರಗೆ ಕುಳಿತವನನ್ನು ಒಳಗೆ ಕರೆದು ಕೇಳುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.